ಒಂದು ತೋಳಿಗಾಗಿ ನಾಲ್ವರು ಡಾಕ್ಟರು

ಡಾಕ್ಟರನ್ನೂ ನಮ್ಮ ಜನರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರೆ ಏನಾದರೊಂದು ಆಗದೆ ಇರುವುದಿಲ್ಲ. ಡೊಂಬಿವಲಿಯ ನಮ್ಮ ಕನ್ನಡ ಸಂಘದಲ್ಲಿ ತಿಂಗಳಿಗೊಂದು ಭಾನುವಾರ ‘ವೈದ್ಯರೊಡನೆ ಮಾತುಕತೆ’ ಇರುತ್ತದೆ. ವೇದಿಕೆಯ ಮೇಲೆ ಎರಡು ಕುರ್ಚಿ. ಒಂದರಲ್ಲಿ ಡಾಕ್ಟರು, ಇನ್ನೊಂದರಲ್ಲಿ ಪ್ರಶ್ನೆ ಕೇಳುವ ನಾನು. ಕೆಳಗೆ ಸಭಿಕರು, ಹಿಂದೆ ಕುದಿಯುವ ಚಹಾ.

ಆಮಂತ್ರಣದಲ್ಲಿ ಉದ್ದೇಶ ‘ಸಮುದಾಯದ ಆರೋಗ್ಯ’ ಎಂದು ಅಚ್ಚಾಗುತ್ತದೆ. ಅದು ಸುಳ್ಳಲ್ಲ. ಆದರೆ ನನ್ನ ಲೆಕ್ಕದಲ್ಲಿ ಆ ಸಮುದಾಯದಲ್ಲಿ ಇದ್ದದ್ದು ಒಬ್ಬರೇ, ನನ್ನ ಗಂಡ. ನಮ್ಮವರು ವಾಶಿಯ ಮಾರುಕಟ್ಟೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ದಲಾಲಿ ಮಾಡುತ್ತಾರೆ. ಠಾಕುರ್ಲಿ ಸ್ಟೇಷನ್ನಿನ ಬ್ರಿಜ್ ಹತ್ತುವಾಗ ಅವರಿಗೆ ತಲೆ ಸುತ್ತಿ ಕಂಬಿ ಹಿಡಿದು ನಿಂತದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಡಾಕ್ಟರ ಹತ್ತಿರ ಹೋಗೋಣ ಎಂದರೆ, “ಹೋದ್ರ ಬೀಪಿ ನೋಡ್ತಾರ. ನೋಡಿದ್ರ ಗುಳಿಗಿ ಬರೀತಾರ. ಗುಳಿಗಿ ಶುರು ಆದ್ರ ಸಾಯೂ ತನಕಾ ನಿಲ್ಲೂದಿಲ್ಲ. ಅದಕ್ಕ ಹೋಗೂದ ಬ್ಯಾಡ” ಎನ್ನುತ್ತಿದ್ದರು. ಅಳುವುದು, ಬೈಯುವುದು, ಉಪವಾಸ, ಎಲ್ಲ ಮಾಡಿ ಸೋತೆ. ಕೊನೆಗೆ, ಇವರು ಡಾಕ್ಟರ ಹತ್ತಿರ ಹೋಗದಿದ್ದರೆ ಡಾಕ್ಟರನ್ನೇ ಇವರ ಹತ್ತಿರ ಕರೆಸುತ್ತೇನೆ ಎಂದು ಹಟ ಹಿಡಿದು ಈ ಕಾರ್ಯಕ್ರಮ ಹುಟ್ಟಿಸಿದೆ. ಇವರೂ ತಪ್ಪದೆ ಬಂದರು. ಬಂದು ಮೈಕಿನ ಜವಾಬ್ದಾರಿ ಹೊತ್ತುಕೊಂಡರು. ಮೈಕ್ ಹಿಡಿದವರ ತೋಳನ್ನು ಯಾವ ಡಾಕ್ಟರೂ ಹಿಡಿಯುವುದಿಲ್ಲ ಎಂಬುದು ಆ ಚತುರನಿಗೆ ಮೊದಲ ದಿನವೇ ಹೊಳೆದಿತ್ತು.

ನೋವು ಎಲ್ಲಿ?

ಮೊದಲು ಬಂದವರು ಎಲುಬಿನ ಡಾಕ್ಟರು, ಬೇಲಾಪುರದವರು. ಕಾರಿನಲ್ಲಿ ಓಡಾಡುವ ಮನುಷ್ಯ. ಬೆನ್ನು, ಸೊಂಟ, ಕುಳಿತುಕೊಳ್ಳುವ ಭಂಗಿ ಎಲ್ಲದರ ಬಗ್ಗೆ ಚೆನ್ನಾಗಿ ಮಾತಾಡಿ, “ಈಗ ನಿಮ್ಮ ಪ್ರಶ್ನೆಗಳು” ಎಂದರು. ಬ್ಯಾಂಕಿನ ಗುಮಾಸ್ತರೊಬ್ಬರು ಎದ್ದರು.

“ಡಾಕ್ಟ್ರೇ, ನನಗೆ ಸೊಂಟನೋವು.”

“ಎಷ್ಟು ಹೊತ್ತು ನಿಂತರೆ ಶುರುವಾಗುತ್ತದೆ?”

“ದಿವಾಕ್ಕೆ ಶುರು. ಮುಂಬ್ರಾಕ್ಕೆ ಬರೋ ಹೊತ್ತಿಗೆ ಜಾಸ್ತಿ. ಕಳವಾದಲ್ಲಿ ಕಾಲಿಗೆ ಇಳಿಯುತ್ತೆ.”

ಡಾಕ್ಟರು ನನ್ನ ಮುಖ ನೋಡಿದರು. “ನಿಮಿಷದಲ್ಲಿ ಹೇಳಿ” ಎಂದರು. ಇಡೀ ಸಭೆಗೆ ಅದು ವಿಚಿತ್ರವಾಗಿ ಕಂಡಿತು. ಲೋಕಲ್ ಟ್ರೇನಿನ ಸ್ಟೇಷನ್ನುಗಳಲ್ಲಿ ಹೇಳುವ ನೋವನ್ನು ಯಾರಾದರೂ ನಿಮಿಷದಲ್ಲಿ ಹೇಳುತ್ತಾರೆಯೇ? ಹಿಂದಿನ ಸಾಲಿನಿಂದ ಒಬ್ಬರು, “ಸ್ಲೋ ಗಾಡಿಯೋ, ಫಾಸ್ಟೋ? ಅದನ್ನ ಮೊದಲು ಕೇಳ್ರಿ ಡಾಕ್ಟರ್” ಎಂದು ಸಹಾಯಕ್ಕೆ ಬಂದರು. ಇನ್ನೊಬ್ಬರು ತಮಗೆ ಬದಲಾಪುರದಿಂದಲೇ ನೋವಿದೆ, ಆದರೆ ಕಲ್ಯಾಣದಲ್ಲಿ ಸ್ವಲ್ಪ ಬಿಡುತ್ತದೆ ಎಂದರು. ಯಾಕೆಂದರೆ ಅಲ್ಲಿ ಒಂದಷ್ಟು ಜನ ಇಳಿಯುತ್ತಾರೆ. ಬೇನೆಗೆ ಮದ್ದು ಬಿಟ್ಟು ಲೋಕಲ್ ಟ್ರೇನಿನ ಚರ್ಚೆ ಅರ್ಧ ತಾಸು ನಡೆಯಿತು.

ಡಾಕ್ಟರು ಸೋತು, “ನೀವು ಸ್ವಲ್ಪ ಕೂತು ಪ್ರಯಾಣ ಮಾಡಿ” ಎಂದರು. ಲೋಕಲ್‌ನಲ್ಲಿ ಸೀಟು ಸಿಗುವ ಮಾತೇ! ಸಭೆ ಅಷ್ಟು ಜೋರಾಗಿ ನಕ್ಕಿದ್ದನ್ನು ಸಂಘದ ಹಾಸ್ಯೋತ್ಸವದಲ್ಲೂ ನಾನು ಕೇಳಿಲ್ಲ.

ಅವತ್ತು ಸಂಜೆ ಅವರ ಕಾರು ಶೀಳಫಾಟಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು ಡ್ರೈವರ್ ಬರಲೇ ಇಲ್ಲ. ಪಾಪ, ಅವರು ಲೋಕಲ್ ಹಿಡಿದು ಹೊರಟರು. ಥಾಣೆಯಿಂದ ನನಗೆ ಫೋನ್ ಬಂತು. ದನಿ ಸೋತಿತ್ತು.

“ಮೇಡಂ, ಆ ಬ್ಯಾಂಕಿನವರಿಗೆ ಹೇಳಿ. ನನಗೂ ದಿವಾದಲ್ಲೇ ಶುರುವಾಯಿತು.”

ನೆರೆಮನೆಯವರ ಕಾಯಿಲೆ

ಮುಂದಿನ ತಿಂಗಳು ಮಾಜಿವಾಡಾದಿಂದ ಹೊಟ್ಟೆಯ ಡಾಕ್ಟರು ಬಂದರು. ಕಿರಿಯ ವಯಸ್ಸಿನ ಹೆಣ್ಣುಮಗಳು, ತುಂಬ ಚುರುಕು. ಆ ದಿನ ನಮ್ಮ ಜನರ ಇನ್ನೊಂದು ಪದ್ಧತಿ ಅವರಿಗೆ ಗೊತ್ತಾಯಿತು. ನಮ್ಮಲ್ಲಿ ಯಾರಿಗೂ ಏನೂ ಆಗಿರುವುದಿಲ್ಲ. ಆಗುವುದೆಲ್ಲ ಪಕ್ಕದ ಮನೆಯವರಿಗೆ.

ಹೋಟೆಲ್ ನಡೆಸಿ ಈಗ ವಿಶ್ರಾಂತಿಯಲ್ಲಿರುವ ಕರಾವಳಿಯ ಹಿರಿಯರೊಬ್ಬರು ಎದ್ದು ಮೈಕಿಗೆ ಬಾಯಿ ಅಂಟಿಸಿದರು. “ಡಾಕ್ಟ್ರೇ, ನಮ್ಮ ಪಕ್ಕದ ಮನೆಯವರದ್ದು ಒಂದು ತೊಂದರೆ ಉಂಟು. ಹೊಟ್ಟೆ ಸರಿಯಾಗಿ ಖಾಲಿ ಆಗುದಿಲ್ಲ ಮಾರಾಯ್ರೆ.”

“ಅವರು ಎಷ್ಟು ನೀರು ಕುಡಿಯುತ್ತಾರೆ?”

“ನೀರು ನನಗೆ… ಅವರಿಗೆ ಆಗುದಿಲ್ಲ. ಚಹಾ ಕುಡಿಯುದು.”

“ಹೊಟ್ಟೆ ಒತ್ತಿದರೆ ನೋಯುತ್ತದೆಯೇ?”

ಹಿರಿಯರು ಮೈಕನ್ನು ಎಡಗೈಗೆ ಬದಲಾಯಿಸಿಕೊಂಡರು. ಬಲಗೈಯಿಂದ ತಮ್ಮ ಹೊಟ್ಟೆಯನ್ನು ಅಲ್ಲಲ್ಲಿ ಒತ್ತಿ ನೋಡಿದರು. ಮುಖ ಕಿವುಚಿ, “ಹೌದು, ಇಲ್ಲಿ ಅವರಿಗೆ ನೋಯ್ತದೆ” ಎಂದರು.

ಅಷ್ಟರಲ್ಲಿ ಮೂರನೆಯ ಸಾಲಿನಲ್ಲಿ ಒಬ್ಬರು ದಡಬಡಿಸಿ ಎದ್ದು ನಿಂತರು. “ಅಲ್ರೀ, ನಿಮ್ಮ ಮಹಡಿ ಮ್ಯಾಲೆ ಇರೂದು ಎರಡ ಮನಿ. ಒಂದು ನಿಮ್ದು, ಒಂದು ನಂದು. ಮುಂಜಾನೆ ಎದ್ದ ಕೂಡಲೆ ನನ್ನ ಹೊಟ್ಟಿ ಸ್ವಚ್ಛ ಇರ್ತದ! ಊರ ಮುಂದ ನನ್ನ ಮರ್ಯಾದಿ ಯಾಕ ಕಳೀತೀರಿ?” ಹಿರಿಯರು ಕೊಂಚವೂ ಅಲುಗಲಿಲ್ಲ. “ನಾನು ಹೇಳಿದ್ದು ಹಳೇ ಬಿಲ್ಡಿಂಗಿನ ಪಕ್ಕದ ಮನೆ” ಎಂದು ಕೂತುಬಿಟ್ಟರು.

ಇದನ್ನೆಲ್ಲ ನೋಡಿ ನಮ್ಮವರಿಗೂ ಧೈರ್ಯ ಬಂದಿರಬೇಕು. ಮೈಕ್ ವಾಪಸು ತೆಗೆದುಕೊಂಡವರು ಅದರಲ್ಲೇ ಮೆಲ್ಲಗೆ, “ಡಾಕ್ಟರ್, ನಮ್ಮ ಬಾಜೂದವ್ರಿಗೆ ಬ್ರಿಜ್ ಹತ್ತುವಾಗ ತಲಿ ತಿರಗತದ. ಹಿಂದ ಕುತ್ತಿಗಿ ಜಗ್ತದ” ಎಂದರು. ಬಂತು, ಮೀನು ಗಾಳಕ್ಕೆ ಬಂತು ಎಂದುಕೊಂಡೆ. ಡಾಕ್ಟರು ಗಂಭೀರವಾದರು. “ಅದು ಬೀಪಿ ಇರಬಹುದು. ತಡ ಮಾಡಬಾರದು. ಅವರನ್ನು ಈಗಲೇ ಇಲ್ಲಿಗೆ ಕರೆದುಕೊಂಡು ಬನ್ನಿ, ನಾನು ಕಾಯುತ್ತೇನೆ.”

ನಮ್ಮವರು ಒಂದು ಕ್ಷಣ ನನ್ನ ಕಡೆ, ಇನ್ನೊಂದು ಕ್ಷಣ ಬಾಗಿಲ ಕಡೆ ನೋಡಿದರು.

“ಅವ್ರು ನಿನ್ನೆ ಊರಿಗೆ ಹೋದ್ರು.”

ಕಣ್ಣು ಮುಚ್ಚಿ

ಮೂರನೆಯವರು ಮನಸ್ಸಿನ ಒತ್ತಡದ ತಜ್ಞರು. ಬೆಂಗಳೂರು ಕಡೆಯವರು, ಈಗ ಥಾಣೆಯಲ್ಲಿ ಇದ್ದಾರೆ. ಬೆಣ್ಣೆಯಂಥ ಕನ್ನಡ. “ಎಲ್ಲರೂ ಕಣ್ಣು ಮುಚ್ಚಿ. ಉಸಿರನ್ನ ಗಮನಿಸಿ. ಏನೂ ಯೋಚನೆ ಮಾಡ್ಬೇಡಿ” ಎಂದರು. ದಿನವೂ ಲೋಕಲ್‌ನಲ್ಲಿ ಜೋತುಬಿದ್ದು ಓಡಾಡುವ ಜನಕ್ಕೆ ಕುರ್ಚಿ ಕೊಟ್ಟು, ಫ್ಯಾನ್ ಹಾಕಿ, ಕಣ್ಣು ಮುಚ್ಚಿ ಎಂದರೆ ಏನಾಗುತ್ತದೆ? ಎರಡೇ ನಿಮಿಷದಲ್ಲಿ ಸಭೆಯಿಂದ ಗೊರಕೆ ಕೇಳಿತು. ಸ್ವಲ್ಪ ಹೊತ್ತಿನಲ್ಲಿ ಎಚ್ಚರ ಇದ್ದವರು ನಾವು ಮೂವರೇ. ಡಾಕ್ಟರು, ನಾನು, ಮೈಕಿನ ಬಳಿ ನಮ್ಮವರು.

“ಈಗ ನಿಧಾನವಾಗಿ ಕಣ್ಣು ಬಿಡಿ” ಎಂದು ಡಾಕ್ಟರು ಹೇಳಿದರು. ಯಾರೂ ಬಿಡಲಿಲ್ಲ. ಚಪ್ಪಾಳೆ ತಟ್ಟಿದರು. ಒಬ್ಬರು ಪಕ್ಕದವರ ಭುಜಕ್ಕೆ ಒರಗಿಕೊಂಡದ್ದೇ ಬಂತು. ಡಾಕ್ಟರು ಗಾಬರಿಯಾದರು. ನಮ್ಮವರು “ನೀವು ಸುಮ್ನಿರ್ರಿ” ಎಂದು ಸನ್ನೆ ಮಾಡಿ, ಗಂಟಲು ಸರಿಮಾಡಿಕೊಂಡು, ಲೋಕಲ್‌ನಲ್ಲಿ ಮುಂದಿನ ಸ್ಟೇಷನ್ ಸಾರುವ ಹಾಗೆ ಮೈಕಿನಲ್ಲಿ ಮರಾಠಿಯಲ್ಲಿ ಕೂಗಿದರು: “ಪುಢೀಲ್ ಸ್ಟೇಷನ್, ಡೊಂಬಿವಲಿ!”

ಇಡೀ ಸಭೆ ಒಂದೇ ಏಟಿಗೆ ಎದ್ದಿತು. ಕೈಚೀಲಗಳು ಎದೆಗೆ ಬಂದವು. ಒಬ್ಬರನ್ನೊಬ್ಬರು ತಳ್ಳುತ್ತ, “ಉತರನಾ ಹೈ ಕ್ಯಾ? ಇಳೀತೀರೇನ್ರೀ?” ಎಂದು ಕೇಳುತ್ತ ಬಾಗಿಲಿಗೆ ನುಗ್ಗಿದರು. ನಿದ್ದೆ ಪೂರ್ತಿ ಬಿಡುವ ಮೊದಲೇ ಅರ್ಧ ಜನ ಮೆಟ್ಟಿಲಿಳಿದು ರಸ್ತೆಯಲ್ಲಿದ್ದರು. ಡಾಕ್ಟರು ಬೆರಗಾಗಿ, “ನನ್ನ ಮಾತು ಇಷ್ಟವಾಗಲಿಲ್ವಾ?” ಎಂದು ಕೇಳಿದರು. “ಹಾಗೇನಿಲ್ಲ ಸರ್, ಅವರ ಸ್ಟೇಷನ್ ಬಂತು” ಎಂದೆ.

ಜನರನ್ನು ವಾಪಸು ಕರೆಯಲು ನಮ್ಮವರು ಎರಡು ಮಹಡಿ ಇಳಿದು ಓಡಿದರು. ಎಲ್ಲರೂ ನಗುತ್ತ ಮೇಲೆ ಬಂದರು, ಇವರು ಮಾತ್ರ ಬರಲಿಲ್ಲ. ನೋಡಿದರೆ ಮೆಟ್ಟಿಲ ಮೇಲೆ ಕೂತಿದ್ದಾರೆ. ಹಣೆಯಲ್ಲಿ ಬೆವರು, ಒಂದು ಕೈ ಗೋಡೆಗೆ. ನನ್ನ ನಗು ಅಲ್ಲೇ ಆರಿತು. ಅವರ ಪಕ್ಕದಲ್ಲೇ ಕೂತೆ. ಇವರೊಬ್ಬರಿಗಾಗಿ ಊರಿನ ಡಾಕ್ಟರನ್ನೆಲ್ಲ ಕರೆಸುತ್ತಿದ್ದೇನೆ, ಇವರೇ ಹೀಗೆ ಕೂತಿದ್ದಾರಲ್ಲ ಎಂದು ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. “ಇನ್ನಾದರೂ ತೋರಿಸಿಕೊಳ್ಳಿ” ಎಂದು ಬೇಡಿಕೊಂಡೆ.

ನಮ್ಮವರು ಉಸಿರು ತಂದುಕೊಂಡು ಹೇಳಿದರು: “ನನಗ ಏನ್ ಆಗ್ಯದ? ಈ ಬಿಲ್ಡಿಂಗಿಗೆ ವಯಸ್ಸಾಗ್ಯದ. ಮೆಟ್ಟಿಲಾ ಎತ್ತರ ಆಗ್ಯಾವ.”

ನೂರಾ ಮೂವತ್ತಕ್ಕೆ ಮುಗಿಸಿ

ನಾಲ್ಕನೆಯ ಸಲ ನಾನು ಮಾತುಕತೆಯ ಗೋಜಿಗೇ ಹೋಗಲಿಲ್ಲ. ಕಲ್ಯಾಣದಲ್ಲಿ ಹೃದಯದ ಡಾಕ್ಟರೊಬ್ಬರಿದ್ದಾರೆ, ವಿಜಯಪುರದ ವ್ಯಾಪಾರಸ್ಥರ ಮನೆತನದವರು. ಅವರಿಗೆ ಫೋನ್ ಮಾಡಿ ಎಲ್ಲ ಬಿಚ್ಚಿ ಹೇಳಿದೆ. “ಭಾಷಣ ಬ್ಯಾಡ್ರಿ. ಬೀಪಿ ಮಷಿನ್ ತರ್ರಿ. ನನಗ ಒಂದು ತೋಳು ಬೇಕಾಗ್ಯದ” ಎಂದೆ. ಅವರು ನಕ್ಕು, “ಬರ್ತೀನ್ರೀ ಅಕ್ಕಾರ” ಎಂದರು.

ಅವತ್ತು ಸಂಘದಲ್ಲಿ ದೊಡ್ಡ ಸಾಲು. ಸಾಲು ನಿಲ್ಲಿಸುವ ಕೆಲಸ ನಮ್ಮವರದು. ಎಲ್ಲರ ತೋಳನ್ನೂ ತಾವೇ ಹಿಡಿದು ಡಾಕ್ಟರ ಮುಂದೆ ಇಡುತ್ತಿದ್ದರು, ತಮ್ಮದನ್ನು ಬಿಟ್ಟು. ನಾನು ಮೈಕ್ ಕಸಿದುಕೊಂಡು ಸಭೆಗೆಲ್ಲ ಕೇಳುವಂತೆ, “ಈಗ ಕಾರ್ಯಕರ್ತರದು ಆಗಲಿ. ನಮ್ಮ ಮನೆಯವರಿಂದಲೇ ಶುರು” ಎಂದು ಸಾರಿದೆ. ಜನ ಚಪ್ಪಾಳೆ ತಟ್ಟಿದರು. ಇನ್ನು ಇವರಿಗೆ ತಪ್ಪಿಸಿಕೊಳ್ಳುವ ದಾರಿ ಇಲ್ಲ ಎಂದುಕೊಂಡೆ. ದಲಾಲಿಗೆ ದಾರಿಯ ಬರವೇ?

“ಡಾಕ್ಟರ್, ನಮ್ಮ ಪ್ಯಾಟ್ಯಾಗ ಒಂದು ರೂಢಿ ಅದ” ಎಂದು ಇವರು ಶುರು ಮಾಡಿದರು. “ಮಾಲು ಬಂದಾಗ ಒಂದೊಂದು ಚೀಲಾ ಬಿಚ್ಚಿ ಕೂಡೂದಿಲ್ಲ. ಒಂದು ಮುಷ್ಟಿ ಸ್ಯಾಂಪಲ್ ತಗದು ನೋಡಿದ್ರ ಇಡೀ ಲಾಟ್ ಹ್ಯಾಂಗದ ಅಂತ ಗೊತ್ತಾಗ್ತದ. ನಾನೂ ಆಕೀನೂ ಒಂದ ಲಾಟಿನ ಮಾಲು. ಒಂದ ಮನಿ, ಒಂದ ಅಡಗಿ, ಒಂದ ಉಪ್ಪು. ಆಕೀದು ನೋಡ್ರಿ. ಆಕಿ ಪಾಸಾದ್ರ ನಾ ಪಾಸು.”

ಸಭೆಗೆ ಇದು ಬಹಳ ಶಾಸ್ತ್ರೀಯವಾಗಿ ಕಂಡಿತು. “ಬರೋಬ್ಬರಿ!” ಎಂದು ಯಾರೋ ಕೂಗಿದರು. ನಾನು ಸೆರಗು ಸಿಗಿಸಿ, ಗತ್ತಿನಿಂದ ತೋಳು ಚಾಚಿದೆ. ನನಗೇನು ಧಾಡಿ? ಮೊದಲು ನನ್ನದು ನೋಡಿ ಮುಗಿಯಲಿ, ಆಮೇಲೆ ಇವರನ್ನು ವಿಚಾರಿಸಿಕೊಳ್ಳುತ್ತೇನೆ ಎಂದು ಎಣಿಸಿದ್ದೆ.

ಡಾಕ್ಟರು ಪಟ್ಟಿ ಸುತ್ತಿ ನೋಡಿದರು. ಇನ್ನೊಮ್ಮೆ ನೋಡಿದರು. ತೋಳು ಬದಲಾಯಿಸಿ ನೋಡಿದರು. “ಅಕ್ಕಾರ, ನಿಮ್ಮದ ನೂರಾ ಎಪ್ಪತ್ತು ಅದಲ್ರೀ” ಎಂದರು.

“ಮಷಿನ್ ಕೆಟ್ಟದ” ಎಂದೆ.

“ಇಷ್ಟು ಮಂದೀದು ನೋಡೇನ್ರಿ, ಸರಿ ಅದ.”

ವರ್ಷವಿಡೀ ಗಂಡನ ಬೀಪಿ ಚಿಂತೆ ಮಾಡಿ ಮಾಡಿ ನಾನೇ ಬೀಪಿ ತಂದುಕೊಂಡಿದ್ದೆ. ನಗೋಣ ಎಂದರೆ ನಗು ಬರಲಿಲ್ಲ. ನಮ್ಮವರ ಮುಖ ನೋಡಿದೆ. ಅಲ್ಲಿ ರಕ್ತವೇ ಇರಲಿಲ್ಲ. “ಆಕೀಗೆ? ಆಕೀಗೆ ಹ್ಯಾಂಗ ಬರ್ತದ ಡಾಕ್ಟರ್? ಸರಿ ನೋಡ್ರಿ, ಆಕೀಗೆ ಏನಾರ ಆದ್ರ…” ಎಂದು ನಿಲ್ಲಿಸಿದರು. ಇಷ್ಟು ವರ್ಷದ ಸಂಸಾರದಲ್ಲಿ ಅವರ ದನಿ ನಡುಗಿದ್ದನ್ನು ನಾನು ಮೊದಲ ಸಲ ಕೇಳಿದೆ. ನಿಜ ಹೇಳಬೇಕೆಂದರೆ, ಆ ಗಳಿಗೆಯಲ್ಲಿ ನೂರಾ ಎಪ್ಪತ್ತು ಬಂದದ್ದು ನನಗೆ ಒಂದು ಥರ ಸಂತೋಷವೇ ಆಯಿತು.

ಡಾಕ್ಟರು ಪಟ್ಟಿ ಬಿಚ್ಚುತ್ತ, ಏನೂ ಗೊತ್ತಿಲ್ಲದವರ ಹಾಗೆ ಕೇಳಿದರು: “ಸಾಹುಕಾರ್ರ, ಸ್ಯಾಂಪಲ್ ಫೇಲಾತು. ಈಗ ನಿಮ್ಮ ಪ್ಯಾಟಿ ರೂಢಿ ಏನಂತದ?”

ವ್ಯಾಪಾರದಲ್ಲಿ ನಮ್ಮವರು ಎಂದೂ ಮಾತು ತಪ್ಪಿದವರಲ್ಲ.

“ಎಲ್ಲಾ ಚೀಲಾ ಬಿಚ್ಚಬೇಕಾಗ್ತದ” ಎಂದು ಅಂಗಿಯ ತೋಳು ಮಡಚಿ ಕೂತರು.

ಅವರದು ನೂರಾ ಎಂಬತ್ತು ಬಂತು. ಕೇಳಿದ ಕೂಡಲೇ ಅವರೊಳಗಿನ ದಲಾಲಿ ಎದ್ದು ಕೂತ. “ಭಾಳ ಆತು, ಭಾಳ ಆತು. ನೂರಾ ಮೂವತ್ತಕ್ಕ ಮುಗಸ್ರಿ.”

ಡಾಕ್ಟರೂ ವ್ಯಾಪಾರಸ್ಥರ ಮಗ. “ಮುಗಸೂಣು. ಆದ್ರ ಮೂರು ತಿಂಗಳ ವಾಯಿದಾ ಬೇಕು. ನಾಳೆ ಇಬ್ಬರೂ ದವಾಖಾನಿಗೆ ಬರ್ರಿ, ರಕ್ತಾ ಎಲ್ಲಾ ನೋಡಿ ಗುಳಿಗಿ ಕೊಡ್ತೀನಿ. ದಿನಾ ಒಂದು.”

“ಅರ್ಧಾ.”

“ಒಂದು. ಮ್ಯಾಲೆ ಉಪ್ಪಿನಕಾಯಿ ಬಂದ್.”

“ಹಪ್ಪಳ ಬಿಡ್ತೀನಿ. ಉಪ್ಪಿನಕಾಯಿ ಇರ್ಲಿ.”

“ಎರಡೂ ಬಂದ್. ಅಕ್ಕಾರಿಗೂ ಇದ ಕರಾರು.”

ಆ ಕೊನೆಯ ಮಾತಿಗೆ ನಮ್ಮವರು ನನ್ನ ಕಡೆ ನೋಡಿದರು. “ಆಕೀ ಸಲುವಾಗಿ ಆತು” ಎಂದು ಕೈ ಚಾಚಿದರು. ಡಾಕ್ಟರು ಕೈ ಕುಲುಕಿದರು. ವ್ಯಾಪಾರ ಕುದುರಿತು. ನನ್ನ ಕಣ್ಣು ತುಂಬಿತ್ತು. ಸೆರಗಿನಿಂದ ಒರೆಸಿಕೊಂಡು, “ಮುಂದಿನವರು ಬನ್ನಿ” ಎಂದೆ.

ಸಾಲಿನಲ್ಲಿ ಮುಂದೆ ಇದ್ದದ್ದು ಉಡುಪಿ ಕಡೆಯ ಒಬ್ಬ ಅಮ್ಮ. ಎಲ್ಲವನ್ನೂ ಗಮನವಿಟ್ಟು ಕೇಳಿಸಿಕೊಂಡಿದ್ದರು. ಡಾಕ್ಟರ ಮುಂದೆ ಕೂತು, ತೋಳು ಚಾಚುವ ಮೊದಲೇ ಖಡಾಖಂಡಿತವಾಗಿ ಹೇಳಿದರು:

“ಅವರಿಗೆ ಕೊಟ್ಟ ರೇಟೇ ನಮಗೂ ಕೊಡ್ಬೇಕು ಡಾಕ್ಟ್ರೇ. ನಾವೂ ಸಂಘದ ಮೆಂಬರೇ.”