ಹುಳುಮನೆ ಪಕ್ಕದ ಇಟಲಿ ಕಾರು

ನನ್ನ ಸೋದರಮಾವನಿಗೆ ತಲೆ ಕೆಟ್ಟಿಲ್ಲ ಎಂದು ಯಾರ ಮುಂದೆ ಬೇಕಾದರೂ ವಾದಿಸಬಲ್ಲೆ. ಆದರೆ ಆ ಹೊತ್ತಿನಲ್ಲಿ ಅವರು ತಮ್ಮ ಕಾರಿನಲ್ಲಿ ಕೂತಿರಬಾರದು!

ರೇಷ್ಮೆಗೂಡನ್ನು ನಮ್ಮ ಹೊಂಗನೂರಿನಿಂದ ರಾಮನಗರದ ಮಾರ್ಕೆಟ್ಟಿಗೆ ಸಾಗಿಸಲು ಹಳೇ ವ್ಯಾನ್ ತರುತ್ತೇನೆಂದು ಬೆಂಗಳೂರಿಗೆ ಹೋದ ಮನುಷ್ಯ, ಸಂಜೆಗೆ ತಂದದ್ದು ಇಟಲಿಯ ಹಳೇ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮೇಲೆ ಸೂರಿಲ್ಲ, ನೆಲಕ್ಕೂ ಅದರ ಹೊಟ್ಟೆಗೂ ಗೇಣುದ್ದದ ಅಂತರವಿಲ್ಲ.

ಅತ್ತೆ ಸುತ್ತ ಒಂದು ಸಲ ನೋಡಿ, "ಗೂಡು ಎಲ್ಲಿಗ್ ತುಂಬ್ತೀರಿ?" ಎಂದರು.

"ಇಂಜಿನ್ ನೋಡು, ಇಂಜಿನ್ನ" ಎಂದರು ಮಾವ.

ಮೊದಲ ಸಲ ಗೂಡು ಹೇರಿಕೊಂಡು ಹೊರಟಾಗ ಹೆದ್ದಾರಿಯಲ್ಲಿ ಮಾವನ ಕಾಲು ಸುಮ್ಮನಿರಲಿಲ್ಲ. ಚೀಲದ ಬಾಯಿ ಬಿಚ್ಚಿಕೊಂಡು ಅರ್ಧ ಗೂಡು ದಾರಿಯುದ್ದಕ್ಕೂ ಹಾರಿಹೋಯಿತು. ಉಳಿದರ್ಧದ ಹರಾಜಿಗೆ ಜನವೇ ಇಲ್ಲ. ಗೂಡು ಕೊಂಡು ನೂಲು ತೆಗೆಯುವ ರೀಲರುಗಳೆಲ್ಲ ಕಾರಿನ ಸುತ್ತ ನಿಂತಿದ್ದರು. ಇದನ್ನು ಸೋಲು ಎಂದುಕೊಳ್ಳುವಷ್ಟು ವ್ಯವಹಾರ ಮಾವನಿಗೆ ಎಲ್ಲಿಂದ ಬರಬೇಕು? ಮನೆಗೆ ಬಂದವರು ಗೆದ್ದವರಂತೆ ಊಟ ಮಾಡಿದರು.

ಕಾರಿನ ಇಂಜಿನಿಯರಿಂಗ್ ಬಗ್ಗೆ ಚನ್ನಪಟ್ಟಣದ ಮೆಕ್ಯಾನಿಕ್ ಹೇಳಿದ್ದೇ ಕೊನೆಯ ಮಾತು: "ಕಾರ್ಬುರೇಟರ್ ಎರಡವೆ ಗೌಡ್ರೆ. ಒಂದನ್ನ ಸಮಾಧಾನ ಮಾಡಿದ್ರೆ ಇನ್ನೊಂದು ಮುನಿಸ್ಕೊತದೆ."

ಕಾರು ನಿಲ್ಲಿಸಿದ್ದೋ ಹುಳುಮನೆಯ ಪಕ್ಕ. ರೇಷ್ಮೆಹುಳುವಿಗೆ ಊದುಬತ್ತಿಯ ಹೊಗೆಯೂ ಆಗದು, ಇನ್ನು ಪೆಟ್ರೋಲಿನ ಹೊಗೆ ಕೇಳಬೇಕೆ? ಹುಳು ಮನೆಯಲ್ಲಿರುವಷ್ಟು ದಿನವೂ ನಾವು ನಾಲ್ಕು ಜನ ಆ ಕಾರನ್ನು ಊರಾಚೆಯ ಹುಣಸೇಮರದ ತನಕ ತಳ್ಳಿ, ಅಲ್ಲಿ ಸ್ಟಾರ್ಟ್ ಮಾಡಬೇಕಿತ್ತು. ಗಂಟೆಗೆ ನೂರು ಮೈಲಿ ಓಡಲೆಂದು ಇಟಲಿಯವರು ಕಟ್ಟಿದ ಯಂತ್ರ ನಮ್ಮೂರಲ್ಲಿ ಹೆಚ್ಚಾಗಿ ನಮ್ಮ ಬೆವರಿನ ಮೇಲೆಯೇ ಓಡಿತು.

ಊರು ನಕ್ಕಿತು. ನಾನೂ ನಕ್ಕೆ. ಮಾವನಿಗೆ ಇದ್ದದ್ದು ಒಂದೇ ಆಸೆ. "ನೋಡ್ಲಾ, ತಿಳಿದೋನು ಒಬ್ಬ ಬಂದು, ಇದು ಅಸಲಿ ಅಂತ ಈ ಊರ್ ಮುಂದೆ ಹೇಳ್ಬೇಕು. ಆಮೇಲೆ ಸತ್ರೂ ಚಿಂತೆಯಿಲ್ಲ."

ಅಂಥ ಕಾರುಗಳ ಬೆಲೆ ಇದ್ದಕ್ಕಿದ್ದಂತೆ ಏರತೊಡಗಿದ ಮೇಲೆ ಹೋದ ತಿಂಗಳು ತಿಳಿದವನೊಬ್ಬ ಬಂದೇಬಿಟ್ಟ. ಕಾರುಗಳ ಬೆಲೆ ಕಟ್ಟುವ ಬೆಂಗಳೂರಿನವನು. ಅಂಗಳದ ತುಂಬ ಜನ. ಮಾವ ಇಸ್ತ್ರಿ ಮಾಡಿದ ಪಂಚೆ ಉಟ್ಟಿದ್ದರು. ಅವನು ಬಾನೆಟ್ ಎತ್ತಿ, ಇಂಜಿನ್ ನಂಬರು ಓದಿ ತಲೆದೂಗಿದ. ಟ್ರ್ಯಾಕ್ಟರಿನ ಹಾರ್ನು, ಚನ್ನಪಟ್ಟಣದಲ್ಲಿ ಕಡೆಸಿದ ಮರದ ಗೇರ್ ಹಿಡಿ, ಎರಡನ್ನೂ ಬದಲಾಯಿಸಬಹುದು ಎಂದ. ಆಮೇಲೆ ಡ್ರೈವರ್ ಪಕ್ಕದ ಸೀಟಿನತ್ತ ಬಗ್ಗಿ ನೋಡಿ ಹೌಹಾರಿದ.

"ಇದೇನ್ರೀ, ತಳ ಕೊರೆದು ಹಲಸಿನ ಹಲಗೆ ಮೇಲೆ ಬೇರೆ ಸೀಟು ಎತ್ತರಿಸಿ ಕೂರಿಸಿದೀರಲ್ಲ? ಕಂಪನಿ ಸೀಟು ಎಲ್ಲಿ?"

"ಐತೆ ಸಾ, ಅಟ್ಟದ ಮ್ಯಾಲೆ."

"ಹಾಗಾದ್ರೆ ಅದನ್ನ ಮತ್ತೆ ಕೂರಿಸಿ. ಪೂರ್ತಿ ಅಸಲಿ ಅಂತ ಈಗಲೇ ಬರೆದುಕೊಡ್ತೀನಿ."

ಇಷ್ಟು ವರ್ಷ ಕಾದ ಮಾತು ಕೈಗೆಟುಕುವಷ್ಟು ಹತ್ತಿರ ಬಂದಿತ್ತು. ಮಾವ ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕಡೆ ನೋಡಿದರು. ಅತ್ತೆಗೆ ಎರಡು ವರ್ಷದಿಂದ ಮಂಡಿ ಬಗ್ಗುವುದಿಲ್ಲ.

"ಆಗಾಕಿಲ್ಲ ಸಾ" ಎಂದರು ಮಾವ. "ಆ ಸೀಟು ತೀರಾ ತಗ್ಗು. ಅದ್ರಲ್ಲಿ ಕೂತ್ರೆ ಇವ್ಳಿಗೆ ಏಳಾಕಾಗಾಕಿಲ್ಲ. ನೀವು ನಕಲಿ ಅಂತ್ಲೇ ಬರ್ಕಳಿ."

ಯಾರೋ ಹಿಂದಿನಿಂದ ಕಿಸಕ್ಕೆಂದರು. ಯಾವಾಗಲೂ ಮೊದಲು ನಗುತ್ತಿದ್ದ ನನಗೆ ಅವತ್ತು ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ಅತ್ತೆ ಗೋಡೆ ಹಿಡಿದುಕೊಂಡು ನಿಧಾನಕ್ಕೆ ಮೆಟ್ಟಿಲಿಳಿದು ಬಂದು, ಎಲ್ಲಿಗೂ ಹೋಗುವ ಕೆಲಸವಿಲ್ಲದಿದ್ದರೂ, ಅಷ್ಟೂ ಜನರ ಮುಂದೆ ಆ ಸೀಟಿನಲ್ಲಿ ಕೂತರು.