ಪಾಶಾ ನದಿ ದಾಟುವ ತನಕ

ನಮ್ಮ ಓಣಿಯ ಚಾಚಾ ತುರ್ಕಿಯ ಸೈನ್ಯ ನಡೆಸುತ್ತಿದ್ದರು ಎಂದರೆ ನೀವು ನಗುತ್ತೀರಿ. ನಗಿ! ಹುನಗುಂದದ ಆಚೆ ಕಾಲಿಡದ ಆ ನೇಕಾರ, ಇಳಕಲ್ಲಿನ ತಮ್ಮ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತೇ ಒಬ್ಬ ತುರ್ಕಿ ಸೇನಾಪತಿಗೆ ದಿನವೂ ಬುದ್ಧಿ ಹೇಳುತ್ತಿದ್ದರು. ಆತನನ್ನು ಕರೆಯುತ್ತಿದ್ದುದು ಬರೀ ‘ಪಾಶಾ’ ಎಂದು, ಪಕ್ಕದ ಮನೆಯವನೋ ಎಂಬಂತೆ.

ಸುದ್ದಿ ಬರುತ್ತಿದ್ದುದು ಬಾಗಲಕೋಟೆಯಿಂದ, ರೇಷ್ಮೆ ನೂಲಿಗೆ ಸುತ್ತಿದ ಹಳೆಯ ಪತ್ರಿಕೆಗಳಲ್ಲಿ. ಹಿಂದಿನದು ಮುಂದೆ, ಮುಂದಿನದು ಹಿಂದೆ. ಹೀಗಾಗಿ ನಮ್ಮೂರಿನಲ್ಲಿ ಪಾಶಾ ಗೆದ್ದ ಕೋಟೆಗೇ ಮರುವಾರ ಮತ್ತೆ ಮುತ್ತಿಗೆ ಹಾಕುತ್ತಿದ್ದ!

“ಚಾಚಾ, ಆ ಕೋಟಿ ಹೋದ ವಾರನ ಗೆದ್ದಿದ್ನಲ್ರಿ?” ಎಂದು ನಾನು ಕೆಣಕಿದರೆ, “ಭದ್ರ ಮಾಡಾಕತ್ಯಾನ ತಮ್ಮಾ, ನೀ ಸುಮ್ನ ಎಳಿ ಹಿಡಿ” ಎನ್ನುತ್ತಿದ್ದರು.

ಇಷ್ಟಕ್ಕೂ ಈ ಎಳೆ ಯಾವುದು? ನಮ್ಮ ಸೀರೆಯ ಒಡಲಿನ ಹಾಸು, ಅಂದರೆ ಉದ್ದನೆಯ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಸಿಕ್ಕಿಸಿ, ಕೊಂಡಿ ಹಾಕಿ, ಎರಡನ್ನೂ ಕೂಡಿಸಬೇಕು. ಎದುರಿಗೊಬ್ಬರು ಕೂತರೆ ಕೆಲಸ ಸಲೀಸು. ಆ ಜಾಗದಲ್ಲಿ ಚಾಚಿ ಕೂರುತ್ತಿದ್ದರು. ಚಾಚಿ ತೀರಿಕೊಂಡರು, ಮಕ್ಕಳಿರಲಿಲ್ಲ. ಆಮೇಲೆಯೇ ಪಾಶಾ ಬಂದದ್ದು. ಕಥೆ ಕೇಳುವ ಚಟಕ್ಕೆ ನಾವೆಲ್ಲ ಸರದಿಯಲ್ಲಿ ಹೋಗಿ ಎಳೆ ಹಿಡಿಯುತ್ತಿದ್ದೆವು. ಕಥೆ ಮುಗಿದರೆ ಎದ್ದು ಹೋಗುತ್ತೇವಲ್ಲ! ಅದಕ್ಕೇ ಕಥೆಯೂ ಮುಗಿಯುತ್ತಿರಲಿಲ್ಲ, ಕೊಂಡಿಯೂ ಮುಗಿಯುತ್ತಿರಲಿಲ್ಲ.

ಒಮ್ಮೆ ಶಿರೂರಿನ ಗೌಡರು ಮಗಳ ಮದುವೆಯ ಸೀರೆಗೆಂದು ಬಂದು ಕೂಗಾಡಿದರು.

“ಮುಂದಿನ ಸ್ವಾಮಾರ ಲಗ್ನ ಐತ್ರಿ! ಸೀರಿ ಎಲ್ಲಿಗೆ ಬಂತು?”

“ಪಾಶಾ ಇನ್ನೂ ನದಿ ದಾಟವಲ್ಲ ಗೌಡ್ರ. ಅಂವ ದಾಟಿದ ಕೂಡ್ಲೆ ನಿಮ್ಮ ಸೆರಗು ಕೂಡತೈತಿ.”

ಗೌಡರು ಸಿಟ್ಟಿನಿಂದಲೇ ಎಳೆ ಹಿಡಿದು ಕೂತರು. ಸಂಜೆಗೆ ನೋಡಿದರೆ, “ಆಚೀ ದಂಡಿಮ್ಯಾಲೆ ವೈರಿ ತೋಪು ಎಷ್ಟದಾವ್ರಿ?” ಎಂದು ಕೇಳುತ್ತಿದ್ದಾರೆ, ಲಗ್ನ ಮರೆತು!

ಕೊನೆಗೊಂದು ದಿನ ಪತ್ರಿಕೆಯಲ್ಲಿ ಬಂತು: ಯುದ್ಧ ಮುಗಿದಿದೆ, ಪಾಶಾ ಸೈನ್ಯದ ಉಡುಪು ಕಳಚಿಟ್ಟು ರಾಜಕಾರಣಕ್ಕೆ ಇಳಿದಿದ್ದಾನೆ. ಚಾಚಾ ಕಥೆಯನ್ನು ಇನ್ನಷ್ಟು ಎಳೆದು ನೋಡಿದರು. “ಇವತ್ತ ಪಾಶಾ ಭಾಷಣ ಮಾಡಿದಾ... ಕಾಗದಕ್ಕ ಸಹಿ ಹಾಕಿದಾ...” ಅಯ್ಯೋ, ಸಹಿ ಹಾಕಿದ ಕಥೆ ಯಾರಿಗೆ ಬೇಕು? ಒಬ್ಬೊಬ್ಬರೇ ಜಾರಿಕೊಂಡರು. ಮಗ್ಗದ ಸದ್ದೂ ನಿಂತಿತು.

ನಾನು ಹೋದಾಗ ಚಾಚಾ, ಅರ್ಧ ಕೊಂಡಿ ಹಾಕಿದ ಹಾಸಿನ ಮುಂದೆ ಕೈಕಟ್ಟಿ ಕೂತಿದ್ದರು.

“ಯಾಕ್ರಿ ಚಾಚಾ? ಪಾಶಾ ಈಗ ಭಾಳ ದೊಡ್ಡ ಮನಶ್ಯಾ ಆದ್ನಲ್ರಿ!”

“ಆದಾ, ಖರೆ. ದಂಡಿನಾಗ ಇದ್ದಾಗ ನಾಕ ಮಂದಿ ಕೂಡಿ ಉಣತಿದ್ರು. ಈಗ ಬರೋರೆಲ್ಲಾ ಕೆಲಸ ಹಿಡಕೊಂಡು ಬರ್ತಾರ. ಕೆಲಸ ಆತು, ಎದ್ದು ಹೋದ್ರು. ಅವನ ಸಲುವಾಗಿ ಯಾರು ಬರ್ತಾರ ಹೇಳು?”

ನಾನು ಎದುರಿಗೆ ಕೂತು ಎಳೆ ಹಿಡಿದೆ.

“ಹೊಸಾ ಸುದ್ದಿ ಏನೂ ಇಲ್ಲೋ ತಮ್ಮಾ” ಎಂದರು, ತಪ್ಪು ಮಾಡಿದವರಂತೆ.

“ಸುದ್ದಿ ಕೇಳಾಕ ಬಂದಿಲ್ರಿ. ನಿಮ್ಮನ್ನ ನೋಡಾಕ ಬಂದೀನಿ.”

ಚಾಚಾ ಕಟ್ಟಿದ ಕೈ ಬಿಚ್ಚಿ ಎಳೆ ಎತ್ತಿಕೊಂಡರು. ಆಮೇಲೆ ಕೊಂಡಿ ಹಾಕುತ್ತಾ, ಮೊದಲ ಸಲ, ಚಾಚಿಯ ಮಾತು ತೆಗೆದರು.