ಅಮ್ಮನ ವೋಟು, ಮಗನ ಬೆರಳು

“ನಮ್ಮನೇಲಿರೋ ಅಷ್ಟೂ ವೋಟು ನಿಂದೇ ಕಣೋ! ಟೀ ಆರೋದ್ರೊಳಗೆ ಹಾಕಿ ಮುಗಿಸಿಬಿಡ್ತೀನಿ. ನೀನು ನೆಮ್ಮದಿಯಾಗಿ ಸ್ನಾನ ಮಾಡ್ಕೋ ಹೋಗು!”

ಚುನಾವಣೆಯ ದಿನ ಬೆಳಿಗ್ಗೆ ಸೋಫಾದ ಮೇಲೆ ಕಾಲು ಚಾಚಿ, ಫೋನಿನಲ್ಲಿ ಹೀಗೆ ಅಭಯ ನೀಡಿದವರು ಕನ್ನಡಕದಂಗಡಿಯ ಯಜಮಾನರು. ಅಭಯ ಪಡೆದವನು ಅವರ ಬಾಲ್ಯದ ಗೆಳೆಯ, ಪ್ರಿಂಟಿಂಗ್ ಪ್ರೆಸ್ಸಿನ ಮಾಲೀಕ. ಬೀದಿಗೆಲ್ಲ ಅವನು ಪ್ರೆಸ್ಸಣ್ಣ. ನಗರಸಭೆಗೆ ಬಡಾವಣೆಯ ಸದಸ್ಯ ಸ್ಥಾನಕ್ಕೆ ನಿಂತಿದ್ದ. ಚಿಹ್ನೆ ಬಾಚಣಿಗೆ. ತಲೆಯ ಮೇಲೆ ಒಂದೇ ಒಂದು ಕೂದಲಿಲ್ಲದವನಿಗೆ ಬಾಚಣಿಗೆ ಸಿಕ್ಕಿತಲ್ಲ ಎಂದು ಬೀದಿಯೆಲ್ಲ ನಕ್ಕರೆ, ಅವನು ಮಾತ್ರ “ನಾನು ಬಾಚೋದು ಕೂದಲನ್ನಲ್ಲ, ವೋಟನ್ನ!” ಎಂದು ಕರಪತ್ರದಲ್ಲೇ ಅಚ್ಚು ಹಾಕಿಸಿದ್ದ. ಸ್ವಂತ ಪ್ರೆಸ್ಸು, ಕೇಳುವವರು ಯಾರು?

ಎದುರಾಳಿ ನಿವೃತ್ತ ವ್ಯಾಯಾಮ ಶಿಕ್ಷಕಿ, ಸೀಟಿ ಟೀಚರ್. ಚಿಹ್ನೆ ಬಕೆಟ್. ಇಬ್ಬರ ಜಗಳವೆಲ್ಲ ಬೀದಿಯ ಕೊನೆಯಲ್ಲಿದ್ದ ಪುಟ್ಟ ಪಾರ್ಕಿನ ಬಗ್ಗೆ. ಅದನ್ನು ಸಮ ಮಾಡಿಸಿ ಗಾಡಿ ನಿಲ್ಲಿಸುವ ಜಾಗ ಮಾಡುತ್ತೇನೆಂದು ಪ್ರೆಸ್ಸಣ್ಣ. ಅದರ ಒಂದು ಹುಲ್ಲುಕಡ್ಡಿ ಮುಟ್ಟಲೂ ಬಿಡುವುದಿಲ್ಲವೆಂದು ಸೀಟಿ ಟೀಚರ್.

ಮನೆಯಲ್ಲೇ ಕೂತು ಫೋನಿನಲ್ಲಿ ವೋಟು ಹಾಕುವ ಸೌಲಭ್ಯ ಬಂದದ್ದು ಅದೇ ಮೊದಲು. ಯಜಮಾನರು ಅದರ ಸ್ವಯಂಘೋಷಿತ ರಾಯಭಾರಿಯಾಗಿಬಿಟ್ಟಿದ್ದರು. ಅಂಗಡಿಗೆ ಬಂದವರಿಗೆ ಮೊದಲು ಅದರ ಪಾಠ, ಆಮೇಲೆ ಕಣ್ಣಿನ ಪರೀಕ್ಷೆ. “ಕ್ಯೂ ಇಲ್ಲ, ಬಿಸಿಲಿಲ್ಲ, ಅಂಗಡಿ ಬಾಗಿಲು ಹಾಕೋದೂ ಬೇಡ. ಊರು ಬಿಟ್ಟು ಹೋದೋರು, ಹಾಸಿಗೆ ಹಿಡಿದೋರು, ಎಲ್ಲಾರೂ ಹಾಕಬಹುದು. ಪ್ರಜಾಪ್ರಭುತ್ವ ಅಂಗೈಗೆ ಬಂದಿದೆ ಸ್ವಾಮಿ, ಅಂಗೈಗೆ!”

ಮಾತಿನಲ್ಲಿ ಸುಳ್ಳೇನಿರಲಿಲ್ಲ. ಆದರೆ ಅಂಗೈ ಯಾರದು ಎಂಬುದೊಂದನ್ನು ಅವರು ಯೋಚಿಸಿರಲಿಲ್ಲ.

ತಮ್ಮ ವೋಟನ್ನು ಅವರು ಆಕಳಿಸುತ್ತಲೇ ಹಾಕಿ ಮುಗಿಸಿದರು. ಫೋನಿಗೆ ಮುಖ ತೋರಿಸು, ಕಣ್ಣು ಮಿಟುಕಿಸು, ಬಾಚಣಿಗೆ ಒತ್ತು, ಮುಗೀತು! ನಂತರ ದಿಗ್ವಿಜಯಕ್ಕೆ ಹೊರಟ ಸಾಮ್ರಾಟರಂತೆ ಅಮ್ಮನ ಕೋಣೆಗೆ ನಡೆದರು. ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದ ಅಮ್ಮ ಮಂಚದ ಮೇಲೆ ದಿಂಬಿಗೊರಗಿದ್ದರು. ಕಣ್ಣ ಮೇಲೆ ಕನ್ನಡಕವಿರಲಿಲ್ಲ. ಕಡ್ಡಿ ಸಡಿಲವಾಯಿತೆಂದು ಮಗನ ಅಂಗಡಿಗೆ ಹೋದದ್ದು ಅಲ್ಲೇ ಉಳಿದಿತ್ತು. ಬೀದಿಗೆಲ್ಲ ಕಣ್ಣು ಕೊಡುವವರ ತಾಯಿಗೆ ಎದುರಿನ ಗೋಡೆ ಮಂಜು ಮಂಜು!

“ಅಮ್ಮ, ಇಲ್ಲಿ ನೋಡು. ಕಣ್ಣು ಮಿಟುಕಿಸು.”

ಡಾಕ್ಟರಿಗೆ ಕಳಿಸಲು ಫೋಟೋ ಇರಬೇಕೆಂದುಕೊಂಡು ಅಮ್ಮ ಸೆರಗು ಸರಿಮಾಡಿಕೊಂಡು ವಿನಯದಿಂದ ಮಿಟುಕಿಸಿದರು. ಮಗ ಬಾಚಣಿಗೆ ಒತ್ತಿದರು. ಫೋನು ಹೆಡ್‌ಮಿಸ್ಟ್ರೆಸ್ ಒಬ್ಬಳ ಗಂಟಲಿನಲ್ಲಿ ಸಾರಿತು: “ನಿಮ್ಮ ಮತ ಸ್ವೀಕೃತವಾಗಿದೆ. ಧನ್ಯವಾದಗಳು!”

ಅಮ್ಮ ಬೆಚ್ಚಿದರು. “ಯಾರ ಮತವೋ?”

“ನಿಂದೇ ಅಮ್ಮ. ಮುಗೀತು. ಇನ್ನು ಸುಖವಾಗಿ ಮಲಕ್ಕೋ.”

“ಓಹೋ. ಯಾರಿಗೆ ಹಾಕ್ದೆ ನಾನು?”

“ಬಾಚಣಿಗೆಗೆ.”

“ಯಾಕೆ ಹಾಕ್ದೆ?”

ಯಜಮಾನರು ಬಾಯಿ ತೆರೆದರು. ಉತ್ತರ ಬರಲಿಲ್ಲ. ಬಂದದ್ದು ರಾತ್ರಿ ಪಾಳಿ ಮುಗಿಸಿದ ಹೆಂಡತಿ! ಆಸ್ಪತ್ರೆಯಲ್ಲಿ ಹಿರಿಯ ನರ್ಸು ಆಕೆ. ಹೆಗಲ ಚೀಲ ಇಳಿಸುವ ಮೊದಲೇ ಕೋಣೆಯ ಪರಿಸ್ಥಿತಿಯನ್ನು ನಾಡಿ ಹಿಡಿದಂತೆ ಅರಿತುಬಿಟ್ಟಳು.

“ರೀ, ಅತ್ತೆ ವೋಟು ನೀವು ಹಾಕಿದ್ರಾ?”

“ನಾನೆಲ್ಲಿ ಹಾಕ್ದೆ? ಕಣ್ಣು ಅಮ್ಮಂದು, ಬೆರಳು ಮಾತ್ರ ನಂದು.”

“ನಮ್ಮ ವಾರ್ಡಲ್ಲಿ ಒಂದು ಸೂಜಿ ಚುಚ್ಚಬೇಕಾದ್ರೂ ಪೇಷಂಟಿಗೆ ಹೇಳಿ ಚುಚ್ತೀವಿ. ನೀವು ಅವರ ವೋಟನ್ನೇ ಆಪರೇಷನ್ ಮಾಡಿ ತೆಗೆದುಬಿಟ್ರಲ್ಲ!”

“ಮನೆಮಂದಿ ಅಂದ್ಮೇಲೆ ಎಲ್ಲ ಒಂದೇ ಅಲ್ವೇನೇ? ಬಾ, ನಿಂದೂ ಮುಗಿಸಿಬಿಡೋಣ.”

“ನಂದು ಬರೋ ದಾರೀಲಿ ಶಾಲೆಗೆ ಹೋಗಿ, ಬೂತಲ್ಲೇ ಹಾಕಿ ಬಂದೆ.”

“ಯಾರಿಗೆ?”

“ಟೀಗೆ ಸಕ್ಕರೆ ಹಾಕಿದೀರಾ, ಇಲ್ವಾ?” ಎಂದಳು ಆಕೆ.

ಅಮ್ಮ ಈಗ ದಿಂಬಿನಿಂದ ತುಸು ಮೇಲೆದ್ದರು.

“ಇಲ್ಲಿ ಕೇಳೋ. ನಿಮ್ಮಪ್ಪ ಪ್ರತಿ ಸಲ ಮನೆಯಿಂದ ಬೂತಿನ ತನಕ, ‘ಅದಕ್ಕೇ ಹಾಕು, ಮರೀಬೇಡ’ ಅಂತ ಹೇಳಿಕೊಂಡೇ ಬರ್ತಿದ್ರು. ನಾನು ಹೂಂ ಅಂತಿದ್ದೆ. ಸೀರೆ ಅವರು ಆರಿಸಿದ್ದು, ಬಾಡಿಗೆ ಮನೆ ಅವರು ನೋಡಿದ್ದು, ನಿನ್ನ ಹೆಸರು ಕೂಡ ಅವರ ಅಕ್ಕ ಇಟ್ಟಿದ್ದು. ಆದ್ರೆ ಆ ರಟ್ಟಿನ ಮರೆ ಇರುತ್ತಲ್ಲ, ಅದರ ಹಿಂದೆ ನಾನೊಬ್ಳೇ. ಬಾಗಿಲಲ್ಲಿ ಪೊಲೀಸ್ ನಿಂತಿರ್ತಿದ್ದ, ನಿಮ್ಮಪ್ಪನೂ ಒಳಗೆ ಬರೋ ಹಾಗಿರಲಿಲ್ಲ. ನನ್ನ ಹಿಂದೆ ಯಾರೂ ನಿಲ್ಲದ ಜಾಗ ಅಂದ್ರೆ ಅದೊಂದೇ ಆಗಿತ್ತು ಕಣೋ.”

ಯಜಮಾನರು ಮೆಲ್ಲಗೆ ಕೇಳಿದರು, “ಹಾಗಾದ್ರೆ ಅಷ್ಟೂ ವರ್ಷ ಯಾರಿಗೆ ಹಾಕ್ತಿದ್ದೆ ಅಮ್ಮ?”

“ಅದನ್ನ ಹೇಳೋ ಹಾಗಿದ್ರೆ ಮರೆ ಯಾಕೋ?”

ಹೆಂಡತಿ ಮುಖ ತಿರುಗಿಸಿ ನಕ್ಕಳು. ಸಂಜೆ ಐದರವರೆಗೆ ಫೋನಿನ ವೋಟನ್ನು ಬದಲಾಯಿಸಬಹುದು, ಕೊನೆಯದು ಮಾತ್ರ ಲೆಕ್ಕಕ್ಕೆ ಎಂಬ ನಿಯಮವನ್ನು ಆಕೆಯೇ ತಿಳಿಸಿದಳು. “ಈ ಸೌಲಭ್ಯ ಬಂದಿರೋದೇ ಅತ್ತೆಯಂಥೋರಿಗೆ. ಇದಿಲ್ದಿದ್ರೆ ಈ ಕಾಲಲ್ಲಿ ಅವರು ಬೂತಿಗೆ ಹೋಗೋದೆಲ್ಲಿ ಬಂತು? ಫೋನಿನ ತಪ್ಪೇನಿಲ್ಲ, ಅದನ್ನ ಹಿಡಿದೋರದ್ದು. ಹೋಗಿ, ಮೊದಲು ಕನ್ನಡಕ ತನ್ನಿ!”

ಯಜಮಾನರು ಅಂಗಡಿಗೆ ಓಡಿ, ಕಡ್ಡಿ ಬಿಗಿಮಾಡಿ ಕನ್ನಡಕ ತರುವಷ್ಟರಲ್ಲಿ ಕೋಣೆ ಮತಗಟ್ಟೆಯಾಗಿತ್ತು! ಬಟ್ಟೆ ಒಣಹಾಕುವ ಸ್ಟ್ಯಾಂಡನ್ನು ಮಂಚಕ್ಕೆ ಅಡ್ಡ ನಿಲ್ಲಿಸಿ, ಮೇಲೆ ದುಪ್ಪಟಿ ಇಳಿಬಿಟ್ಟಾಗಿತ್ತು. ಹೆಂಡತಿ ಗಂಡನ ಫೋನನ್ನು ಅತ್ತೆಯ ಕೈಗಿತ್ತು, ಏನೇನು ಒತ್ತಬೇಕೆಂದು ಎರಡೆರಡು ಸಲ ಹೇಳಿಕೊಟ್ಟು ಹೊರಬಂದಳು. ಯಜಮಾನರಿಗೆ ಸಿಕ್ಕಿದ್ದು ಬಾಗಿಲ ಕಾವಲಿನ ಪೊಲೀಸು ಹುದ್ದೆ.

ಒಳಗಿನಿಂದ ಫೋನಿನ ಹೆಡ್‌ಮಿಸ್ಟ್ರೆಸ್ ಗದರಿದಳು: “ಮುಖ ಗುರುತಿಸಲಾಗುತ್ತಿಲ್ಲ. ಕನ್ನಡಕ ತೆಗೆಯಿರಿ!”

ಅಮ್ಮ ಕನ್ನಡಕ ತೆಗೆದರು. ಮುಖ ಸಿಕ್ಕಿತು, ಆದರೆ ಬಾಚಣಿಗೆ ಯಾವುದು, ಬಕೆಟ್ ಯಾವುದು ಕಾಣಲಿಲ್ಲ. ತಡಕಾಡಿ ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ, “ಸಮಯ ಮುಗಿದಿದೆ. ಮತ್ತೆ ಪ್ರಯತ್ನಿಸಿ!”

ಮತ್ತೆ ಪ್ರಯತ್ನ, ಮತ್ತೆ ಗದರಿಕೆ. ತೆಗಿ, ಹಾಕು, ತೆಗಿ, ಹಾಕು. “ಇದನ್ನ ಮಾಡಿದೋನಿಗೆ ಅಜ್ಜಿ ಇರಲಿಲ್ವೇನೋ!” ಎಂದು ದುಪ್ಪಟಿಯಾಚೆಯಿಂದ ಅಮ್ಮ ಶಪಿಸಿದರು.

“ಅಮ್ಮ, ನಾನು ಬರ್ಲಾ?”

“ಕಾಲಿಟ್ಟರೆ ನೋಡು!” ಒಳಗಿನಿಂದ ಅಮ್ಮ, ಪಕ್ಕದಿಂದ ಹೆಂಡತಿ, ಇಬ್ಬರೂ ಒಟ್ಟಿಗೆ!

ಸ್ನಾನ ಮುಗಿಸಿದ್ದ ಪ್ರೆಸ್ಸಣ್ಣನಿಗೆ ವೋಟು ಬಿತ್ತೋ ಇಲ್ಲವೋ ಎಂಬ ಕಳವಳ ಶುರುವಾದದ್ದು ಸರಿಯಾಗಿ ಆ ಗಳಿಗೆಯಲ್ಲೇ. ನೇರವಾಗಿ ವಿಡಿಯೋ ಕಾಲ್ ಮಾಡಿದ. ಅಮ್ಮ ಏನನ್ನೋ ಒತ್ತಲು ಹೋಗಿ ಅದನ್ನೇ ಒತ್ತಿದರು. ಪರದೆಯ ತುಂಬ ಒಂದು ಬೋಳುತಲೆ ಹುಣ್ಣಿಮೆಯಂತೆ ಉದಯಿಸಿತು!

“ಅಮ್ಮಾ, ನಮಸ್ಕಾರ!”

“ಅರೆ! ಅಭ್ಯರ್ಥಿ ಫೋಟೋನೂ ಬರುತ್ತೆ, ಮಾತೂ ಆಡುತ್ತೆ! ಒಳ್ಳೇ ವ್ಯವಸ್ಥೆ ಮಾಡಿದಾರೆ,” ಎಂದು ಅಮ್ಮ ಮೆಚ್ಚಿದರು. ಆಮೇಲೆ ಫೋಟೋಗೇ ಹೇಳತೊಡಗಿದರು: “ಹೇಗೂ ಇಷ್ಟು ಹತ್ತಿರ ಬಂದಿದೀಯ, ಹೇಳಿಬಿಡ್ತೀನಿ. ನೀನು ಒಳ್ಳೇ ಹುಡುಗಾನೇ ಕಣಪ್ಪ. ಆದ್ರೆ ನಿಂಗೆ ನನ್ನ ವೋಟಿಲ್ಲ. ಆ ಪಾರ್ಕಿನ ಬೆಂಚಲ್ಲಿ ಕೂತು ಜನರ ಮುಖ ನೋಡಿ ಬರೋದೊಂದೇ ನಂಗಿದ್ದ ತಿರುಗಾಟ. ಕಾಲು ಸರಿಹೋದ್ಮೇಲೆ ಮತ್ತೆ ಹೋಗ್ಬೇಕು ಅಂತ ಆಸೆ ಇಟ್ಕೊಂಡಿದೀನಿ. ಗಾಡಿಗಳಿಗೆ ನಿಲ್ಲೋಕೆ ಜಾಗ ಮಾಡ್ತೀಯ, ನಾನೆಲ್ಲಿ ಕೂತ್ಕೊಳ್ಳಲಿ?”

ಅಷ್ಟು ವರ್ಷ ಗಂಡನಿಗೂ ಬಿಟ್ಟುಕೊಡದ ಗುಟ್ಟು, ನೇರ ಪ್ರಸಾರದಲ್ಲಿ, ಅದೂ ಅಭ್ಯರ್ಥಿಯ ಕಿವಿಗೇ! ಬಾಗಿಲಲ್ಲಿ ಯಜಮಾನರು ತಲೆಯ ಮೇಲೆ ಕೈ ಹೊತ್ತರು. ಹೆಂಡತಿ ಒಳಗೆ ಓಡಿ ಕರೆ ಕತ್ತರಿಸಿದಳು.

ತುಸು ಹೊತ್ತಿಗೆಲ್ಲ ಪ್ರೆಸ್ಸಣ್ಣನ ಸ್ಕೂಟರು ಗೇಟಿನ ಮುಂದೆ ನಿಂತಿತು. ಯಜಮಾನರನ್ನು ಕಾಂಪೌಂಡಿನ ಮೂಲೆಗೆ ಎಳೆದೊಯ್ದು, “ಅಷ್ಟೂ ವೋಟು ನಂದು ಅಂದ್ಯಲ್ಲೋ?” ಎಂದ. ಅವನ ದನಿಯಲ್ಲಿ ಕೋಪಕ್ಕಿಂತ ನೋವು ಹೆಚ್ಚಿತ್ತು.

“ನಾನು ಹಾಕಿದೀನಿ ಕಣೋ, ಆಣೆಗೂ!”

“ಫೋನಲ್ಲಿ ಮತ್ತೆ ಹಾಕಬಹುದಂತಲ್ಲ. ನನ್ನ ಕಣ್ಣೆದುರಿಗೇ ಹಾಕು, ನೋಡೋಣ.”

ಹೆಂಡತಿಯಿಂದ ಫೋನು ಬೇಡಿ ತಂದರು. ಮುಖ ತೋರಿಸಿದರು, ಮಿಟುಕಿಸಿದರು. ಹೆಗಲ ಹಿಂದೆ ಪ್ರೆಸ್ಸಣ್ಣ ಬಗ್ಗಿ ನಿಂತಿದ್ದ. ಅವನ ಬಿಸಿಯುಸಿರು ಕತ್ತಿಗೆ ತಾಗುತ್ತಿತ್ತು. ಬೆಳಿಗ್ಗೆ ಆಕಳಿಸುತ್ತಲೇ ಒತ್ತಿದ್ದ ಅದೇ ಬಾಚಣಿಗೆಯನ್ನು ಒತ್ತುವ ಮೊದಲು ಈಗ ಒಮ್ಮೆ ಹಿಂತಿರುಗಿ ನೋಡಿದರು. ಒತ್ತಿದರು. ಹೆಡ್‌ಮಿಸ್ಟ್ರೆಸ್ ಧನ್ಯವಾದ ಹೇಳಿದಳು. ಪ್ರೆಸ್ಸಣ್ಣ ಬೆನ್ನು ತಟ್ಟಿ ಹೊರಟುಹೋದ. ಯಜಮಾನರು ಮಾತ್ರ ಅಲ್ಲೇ ನಿಂತರು. ಹಿಂದೆ ಯಾರಾದರೂ ನಿಲ್ಲುವುದೆಂದರೆ ಏನೆಂದು ಅವರಿಗೆ ಗೊತ್ತಾಗಿತ್ತು. ಬೆಳಿಗ್ಗೆ ಅಮ್ಮನಿಗೆ ಒತ್ತುವ ಅವಕಾಶವೂ ಇರಲಿಲ್ಲ. ಹಿಂದೆ ನಿಂತವನೇ ಮುಂದೆ ಬಂದು ಒತ್ತಿಬಿಟ್ಟಿದ್ದ.

ಅಮ್ಮ ಮಧ್ಯಾಹ್ನದ ನಿದ್ದೆಯ ನಂತರ ಮತ್ತೊಮ್ಮೆ ದುಪ್ಪಟಿಯ ಹಿಂದೆ ಹೋರಾಡಿ ಗೆದ್ದರು. ಕನ್ನಡಕವನ್ನು ಹಣೆಯ ಮೇಲೆ ಸಿದ್ಧವಾಗಿಟ್ಟುಕೊಂಡು, ಮುಖ ಸಿಕ್ಕಿದ ಕೂಡಲೇ ಮೂಗಿಗೆ ಜಾರಿಸುವ ಉಪಾಯವನ್ನು ತಾವೇ ಕಂಡುಹಿಡಿದಿದ್ದರು. ಧನ್ಯವಾದದ ಸದ್ದಿಗೆ ಮನೆಯೆಲ್ಲ ನಿಟ್ಟುಸಿರು ಬಿಟ್ಟಿತು. ಯಾರಿಗೆ ಎಂದು ಯಾರೂ ಕೇಳಲಿಲ್ಲ.

ಯಜಮಾನರು ಚಪ್ಪಲಿ ಮೆಟ್ಟಿದರು. “ಎಲ್ಲಿಗೆ?” ಎಂದಳು ಹೆಂಡತಿ. “ಇಲ್ಲೇ” ಎಂದವರು ನೆಟ್ಟಗೆ ಶಾಲೆಗೆ ನಡೆದು ಕ್ಯೂನಲ್ಲಿ ನಿಂತರು. ಕ್ಯೂ ಇಲ್ಲ, ಬಿಸಿಲಿಲ್ಲ ಎಂದು ಸಾರುತ್ತಿದ್ದ ರಾಯಭಾರಿ ಬಿಸಿಲಿನಲ್ಲಿ ಕ್ಯೂ ನಿಂತದ್ದನ್ನು ಕಂಡ ಅವರ ಗಿರಾಕಿಗಳ ಮುಖದಲ್ಲಿ ನಗು ಅರಳಿತು.

“ನೀವು ಆಗಲೇ ಫೋನಲ್ಲಿ ಹಾಕಿದೀರಿ ಸಾರ್. ಇಲ್ಲಿ ಹಾಕಿದ್ರೆ ಅದು ರದ್ದಾಗುತ್ತೆ. ಆಗಬಹುದಾ?” ಎಂದರು ಮತಗಟ್ಟೆಯ ಅಧಿಕಾರಿ.

“ಆಗಲಿ.”

ರಟ್ಟಿನ ಮರೆಯ ಹಿಂದೆ ನಿಂತಾಗ ವಿಚಿತ್ರವಾಯಿತು. ಹೇಳುವವರು ಯಾರೂ ಇರಲಿಲ್ಲ! ಮೊದಮೊದಲು ಅಪ್ಪ ಹೇಳಿದ್ದಕ್ಕೆ, ಆಮೇಲೆ ಗೆಳೆಯರು ಹೇಳಿದ್ದಕ್ಕೆ ಹಾಕಿದವರು ಅವರು. ತಮಗೆ ಯಾರು ಬೇಕೆಂದು ತಮ್ಮನ್ನೇ ಯಾವತ್ತೂ ಕೇಳಿಕೊಂಡಿರಲಿಲ್ಲ. ಅಮ್ಮನ ಬೆಂಚು ನೆನಪಾಯಿತು. ಜೊತೆಗೇ ಅಮ್ಮ ಬಿದ್ದ ದಿನವೂ ನೆನಪಾಯಿತು. ಎರಡೂ ಕಡೆ ಗಾಡಿಗಳು ನಿಂತ ಬೀದಿಯೊಳಗೆ ಆಂಬುಲೆನ್ಸ್ ಬರಲಾಗದೆ, ಸ್ಟ್ರೆಚರನ್ನು ಮುಖ್ಯರಸ್ತೆಯವರೆಗೆ ಹೊತ್ತುಕೊಂಡೇ ಹೋಗಿದ್ದರು. ಪ್ರತಿ ಹೆಜ್ಜೆಗೂ ಅಮ್ಮ ನರಳಿದ್ದರು. ಬೆಂಚೋ, ದಾರಿಯೋ? ಎರಡೂ ಸರಿ, ಎರಡೂ ಬೇಕು.

“ಸಾರ್, ಒಳಗೆ ಹುಷಾರಾಗಿದೀರಾ?” ಎಂದು ಅಧಿಕಾರಿ ಕೂಗಿದರು.

“ಯೋಚನೆ ಮಾಡ್ತಾ ಇದೀನಿ.”

“ಯೋಚನೆ ಮನೇಲಿ ಮಾಡ್ಕೊಂಡು ಬರಬೇಕು ಸಾರ್!”

“ಮನೇಲಿ ಪುರುಸೊತ್ತಾಗಲಿಲ್ಲ,” ಎಂದರು ಯಜಮಾನರು. ಕ್ಯೂ ಗೊಳ್ಳೆಂದಿತು. ಆಮೇಲೆ ಒತ್ತಿದರು. ಬಾಚಣಿಗೆಯನ್ನೇ! ಗೆಳೆಯನೆಂದಲ್ಲ, ಮಾತು ಕೊಟ್ಟಿದ್ದೇನೆಂದೂ ಅಲ್ಲ. ಆಂಬುಲೆನ್ಸ್ ಮನೆಬಾಗಿಲಿಗೆ ಬರಲಿ ಎಂದು. ಜೀವನದಲ್ಲಿ ಮೊದಲ ಸಲ ಕಾರಣವಿಟ್ಟುಕೊಂಡು ಒತ್ತಿದ ವೋಟು. ಎದೆ ಹಗುರವಾಗಿ ಮನೆಗೆ ಬಂದರು. ಯಾರು ಕೇಳಿದರೂ ಬಾಯಿ ಬಿಡುವುದಿಲ್ಲವೆಂದು ನಿರ್ಧರಿಸಿದರು.

ಮಾರನೆಯ ದಿನ ಫಲಿತಾಂಶ ಬಂತು. ಬಕೆಟ್ ತುಂಬಿ ತುಳುಕಿತ್ತು!

ಸಂಜೆ ಪ್ರೆಸ್ಸಣ್ಣ ಬಂದ. ನೇರವಾಗಿ ಅಮ್ಮನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತ. “ಅಮ್ಮ, ಇಡೀ ಬೀದಿಯವರು ‘ನಿಂಗೇ, ನಿಂಗೇ’ ಅಂದ್ರು. ‘ನಿಂಗಿಲ್ಲ’ ಅಂತ ಮುಖಕ್ಕೆ ಹೇಳಿದೋರು ನೀವೊಬ್ರೇ. ನಿಮ್ಮೊಬ್ಬರ ಮಾತೇ ನಿಜವಾಯ್ತು ನೋಡಿ.”

ಅಮ್ಮ ಅವನ ಕೈ ಸವರಿದರು. ಗೆಳೆಯನ ಸೋತ ಮುಖ ನೋಡಲಾಗದೆ ಯಜಮಾನರ ಶಪಥ ಕರಗಿಹೋಯಿತು. “ಲೋ, ನಾನು ನಿಂಗೇ ಹಾಕಿದ್ದು ಕಣೋ! ಮನಸ್ಸಿಟ್ಟು ಹಾಕಿದ್ದು!”

“ಗೊತ್ತು ಬಿಡೋ. ನೀನು ಹಾಕಿದ್ದನ್ನ ನಾನೇ ನೋಡಿದೀನಲ್ಲ,” ಎಂದು ಪ್ರೆಸ್ಸಣ್ಣ ಕಣ್ಣೊರೆಸಿಕೊಂಡ. “ನೀನೊಬ್ಬನಾದ್ರೂ ಇದೀಯಲ್ಲ. ಎಲ್ಲಿ, ಫೋನಲ್ಲಿ ನಿನ್ನ ವೋಟನ್ನ ಇನ್ನೊಂದು ಸಲ ತೋರಿಸು, ಸಮಾಧಾನ ಆಗುತ್ತೆ.”

ಬೇಡವೆನ್ನುವ ಮೊದಲೇ ಮೇಜಿನ ಮೇಲಿದ್ದ ಫೋನು ಅವನ ಕೈಯಲ್ಲಿತ್ತು. ವೋಟಿನ ಆ್ಯಪಿಗೆ ಬೆರಳು ತಾಗಿದ್ದೇ ತಡ, ಹೆಡ್‌ಮಿಸ್ಟ್ರೆಸ್ ಮನೆಯೆಲ್ಲ ಕೇಳುವಂತೆ ಸಾರಿದಳು:

“ನಿಮ್ಮ ಆನ್‌ಲೈನ್ ಮತವನ್ನು ನಿಮ್ಮ ಕೋರಿಕೆಯಂತೆ ರದ್ದುಪಡಿಸಲಾಗಿದೆ. ಧನ್ಯವಾದಗಳು!”

ಪ್ರೆಸ್ಸಣ್ಣ ಫೋನನ್ನು ಮೆಲ್ಲಗೆ ಕೆಳಗಿಟ್ಟ. ಹೆಂಡತಿ, ಮದುವೆಯಾದಂದಿನಿಂದ ನೋಡದಷ್ಟು ಮೆಚ್ಚುಗೆಯಿಂದ ಗಂಡನನ್ನು ನೋಡಿದಳು.

“ಅಯ್ಯೋ, ಕೇಳಿ ಇಲ್ಲಿ! ಬೂತಿಗೆ ಹೋಗಿ ಮತ್ತೆ ಬಾಚಣಿಗೆಗೇ...”

“ಸುಮ್ನಿರೋ,” ಎಂದರು ಅಮ್ಮ, ಹೆಮ್ಮೆಯಿಂದ ಮಗನ ತಲೆ ಸವರುತ್ತ. “ಅದನ್ನೆಲ್ಲ ಹೇಳಬಾರದು.”